ಓದುಗರ ಪ್ರಶ್ನೆ: ಕಾಗ್ನಿಟಿವ್ ಸೈನ್ಸ್‌ನಲ್ಲಿ ಎಂಎಸ್ಸಿ ಮಾಡಬಹುದಾ?

ಡಿಗ್ರಿ ಮುಗಿದ ಮೇಲೆ ಏನೇನು ಓದಬಹುದು ಅಂತ ಹೋದ ಸಂಚಿಕೆಯಲ್ಲಿ ಬರೆದಾಗ ಕಾಗ್ನಿಟಿವ್ ಸೈನ್ಸ್, ಅಂದರೆ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ಹುಡುಕುವ ವಿಷಯದ ಬಗ್ಗೆ ಎರಡೇ ಸಾಲು ಹೇಳಿ ಮುಂದೆ ಹೋಗಿದ್ದೆ. ನಾನೇ ಎರಡು ವರ್ಷ ಕೂತು ಓದಿದ ವಿಷಯ ಅದು. ಪತ್ರಗಳು ಸಾಕಷ್ಟು ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಈ ಸಲ ಅದಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಕಾಗ್ನಿಟಿವ್ ಸೈನ್ಸ್ ಅಂದರೆ ಸೈಕಾಲಜಿನೇ ಅಲ್ವಾ? ಹೊಸ ಹೆಸರು ಇಟ್ಟಿದ್ದಾರೆ ಅಷ್ಟೇ ಅಂತ ನಮ್ಮ ಲೆಕ್ಚರರ್ ಹೇಳಿದರು. ನಿಜವಾ?
– ಬಿಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿ, ಶಿರಸಿ

ಅಷ್ಟೇ ಅಲ್ಲ. ಇದನ್ನು ಮಾತಿನಲ್ಲಿ ವಿವರಿಸುವ ಬದಲು ನಿಮ್ಮ ರೂಮಿನಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ನಾಲ್ಕು ಬಣ್ಣದ ಸ್ಕೆಚ್ ಪೆನ್ ತಗೊಳ್ಳಿ. ಒಂದು ಹಾಳೆಯಲ್ಲಿ ಇಪ್ಪತ್ತು ಬಣ್ಣದ ಚುಕ್ಕೆ ಇಡಿ. ಇನ್ನೊಂದು ಹಾಳೆಯಲ್ಲಿ ಇಪ್ಪತ್ತು ಪದ ಬರೆಯಿರಿ, ಆದರೆ ಹಸಿರು ಪೆನ್ನಲ್ಲಿ 'ಕೆಂಪು' ಅಂತ, ನೀಲಿ ಪೆನ್ನಲ್ಲಿ 'ಹಳದಿ' ಅಂತ, ಹೀಗೆ ಅದಲುಬದಲು ಮಾಡಿ. ಈಗ ಸ್ನೇಹಿತರನ್ನು ಕೂರಿಸಿ, ಎರಡೂ ಹಾಳೆಯಲ್ಲಿ ಬಣ್ಣದ ಹೆಸರು ಮಾತ್ರ ಹೇಳು, ಪದ ಓದಬೇಡ ಅನ್ನಿ. ಮೊಬೈಲಿನಲ್ಲಿ ಟೈಮ್ ಹಿಡಿಯಿರಿ. ಚುಕ್ಕೆಗಳನ್ನು ಸರಸರ ಹೇಳಿದವರು ಪದಗಳ ಹಾಳೆಗೆ ಬಂದಾಗ ತಡವರಿಸುತ್ತಾರೆ. ಓದಬಾರದು ಅಂದುಕೊಂಡರೂ ಕಣ್ಣು ಓದಿಬಿಡುತ್ತದೆ. ಇದಕ್ಕೆ ಸ್ಟ್ರೂಪ್ ಪರಿಣಾಮ ಅಂತ ಹೆಸರು. ಜಾನ್ ರಿಡ್ಲಿ ಸ್ಟ್ರೂಪ್ ಇದನ್ನು 1935ರಲ್ಲಿ ಪ್ರಕಟಿಸಿದರು.

ಇಲ್ಲಿವರೆಗೆ ಇದು ಸೈಕಾಲಜಿಯೇ. ಆದರೆ ಇದೇ ಹಾಳೆಯನ್ನು ಭಾಷಾವಿಜ್ಞಾನ ಓದಿದವರ ಕೈಗೆ ಕೊಟ್ಟರೆ ಅವರು ಬೇರೆ ಕೇಳುತ್ತಾರೆ: ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಪದಗಳು ಇಂಗ್ಲಿಷಿನಲ್ಲಿದ್ದರೆ ತಡವರಿಕೆ ಕಡಿಮೆ ಆಗುತ್ತಾ? ಮಿದುಳಿನ ಮೇಲೆ ಕೆಲಸ ಮಾಡುವವರು, ಈ ಜಗ್ಗಾಟ ಮಿದುಳಿನ ಯಾವ ಭಾಗದಲ್ಲಿ, ಯಾವ ಕ್ಷಣದಲ್ಲಿ ಶುರುವಾಗುತ್ತದೆ ಅಂತ ಕೇಳುತ್ತಾರೆ. ಕಂಪ್ಯೂಟರ್‌ನವರು ಇದೇ ಥರ ತಡವರಿಸುವ ಒಂದು ಮಾದರಿ ಕಟ್ಟೋಣ ಅನ್ನುತ್ತಾರೆ. ತತ್ತ್ವಶಾಸ್ತ್ರದವರು 'ಗಮನ' ಅಂದರೆ ಏನು ಅಂತ ಮೊದಲು ಹೇಳಿ ಅನ್ನುತ್ತಾರೆ, ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಒಂದೇ ಪ್ರಶ್ನೆಯ ಹಿಂದೆ ಬಿದ್ದರೆ ಅದು ಕಾಗ್ನಿಟಿವ್ ಸೈನ್ಸ್. ಮನುಷ್ಯಶಾಸ್ತ್ರವನ್ನೂ ಸೇರಿಸಿ ಆರು ವಿಷಯ ಅಂತ 1978ರಲ್ಲೇ ಅಮೆರಿಕದ ಒಂದು ವರದಿ ಚಿತ್ರ ಬರೆದು ತೋರಿಸಿತ್ತು.

ಈ ವಿಷಯ ಹುಟ್ಟಿದ ದಿನವನ್ನೂ ಹೇಳುವವರಿದ್ದಾರೆ: 1956ರ ಸೆಪ್ಟೆಂಬರ್ 11. ಅವತ್ತು ಅಮೆರಿಕದ ಎಂಐಟಿಯ ಒಂದು ಸಭೆಯಲ್ಲಿ ನ್ಯೂಯೆಲ್ ಮತ್ತು ಸೈಮನ್ ತರ್ಕದ ಪ್ರಮೇಯ ಸಾಧಿಸುವ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಹೇಳಿದರು, ಭಾಷಾವಿಜ್ಞಾನಿ ಚಾಮ್‌ಸ್ಕಿ ಭಾಷೆಯ ವ್ಯಾಕರಣದ ಬಗ್ಗೆ ಮಾತಾಡಿದರು, ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ನೆನಪಿನ ಮಿತಿಯ ಬಗ್ಗೆ ಹೇಳಿದರು. ಮೂರೂ ಒಂದೇ ದೊಡ್ಡ ವಿಷಯದ ತುಂಡುಗಳು ಅಂತ ಅವತ್ತು ಅನ್ನಿಸಿತು ಅಂತ ಮಿಲ್ಲರ್ ಆಮೇಲೆ ಬರೆದುಕೊಂಡಿದ್ದಾರೆ.

ಪ್ರಶ್ನೆ: ನಾನು ಬಿಎ ಓದುತ್ತಿದ್ದೇನೆ. ಐಚ್ಛಿಕ ಕನ್ನಡ, ಪತ್ರಿಕೋದ್ಯಮ, ಸೈಕಾಲಜಿ. ಗಣಿತ ಬಿಟ್ಟು ಐದು ವರ್ಷ ಆಯಿತು. ನನಗೆ ಸೀಟ್ ಸಿಗುತ್ತಾ? ಎಲ್ಲಿ ಓದಬಹುದು?
– ವಿದ್ಯಾರ್ಥಿನಿ, ದಾವಣಗೆರೆ

ಸಿಗಬಹುದು. ಈ ಕೋರ್ಸಿನ ದೊಡ್ಡ ಗುಣವೇ ಅದು, ಹೆಚ್ಚಿನ ಕಡೆ ಬಿಎ, ಬಿಎಸ್ಸಿ, ಬಿಇ ಅಂತ ಬಾಗಿಲು ಹಾಕುವುದಿಲ್ಲ. ನನ್ನ ಬ್ಯಾಚಿನಲ್ಲಿ ಎಂಜಿನಿಯರ್ ಪಕ್ಕದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು ಕೂತಿದ್ದರು, ಅವರ ಪಕ್ಕದಲ್ಲಿ ಫಿಸಿಯೋಥೆರಪಿ ಮಾಡಿದವರು.

ನಮ್ಮ ದೇಶದಲ್ಲಿ ಹಳೆಯ ಜಾಗ ಅಂದರೆ ಅಲಹಾಬಾದ್ ವಿಶ್ವವಿದ್ಯಾಲಯದ ಕೇಂದ್ರ, 2002ರಲ್ಲಿ ಶುರುವಾದದ್ದು. ಐಐಟಿ ಗಾಂಧಿನಗರದಲ್ಲಿ ಎರಡು ವರ್ಷದ ಎಂಎಸ್ಸಿ ಇದೆ. ಐಐಟಿ ದೆಹಲಿಯಲ್ಲೂ ಇದೆ. ಐಐಟಿ ಕಾನ್ಪುರದಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ನಮಗೆ ಹತ್ತಿರ ಅಂದರೆ ಹೈದರಾಬಾದ್ ವಿಶ್ವವಿದ್ಯಾಲಯ, ಅಲ್ಲಿ ಮಿದುಳಿನ ಕಡೆ ಸ್ವಲ್ಪ ಜಾಸ್ತಿ ಒತ್ತು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಐಐಟಿಗಳಲ್ಲಿ ಕೆಲವು ಕಡೆ ಕಾಗ್‌ಜೆಟ್ ಎಂಬ ಪರೀಕ್ಷೆಯ ಅಂಕ ನೋಡುತ್ತಾರೆ, ಆಮೇಲೆ ಸಂದರ್ಶನ. ಯಾರು ಯಾವ ಪರೀಕ್ಷೆ ನೋಡುತ್ತಾರೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಡಿಸೆಂಬರ್‌ನಿಂದಲೇ ಅವರವರ ವೆಬ್‌ಸೈಟ್ ನೋಡುತ್ತಾ ಇರಿ, ಸೀನಿಯರ್ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ.

ಗಣಿತದ ಭಯಕ್ಕೆ ಬರೋಣ. ನಿಮಗೆ ಬೇಕಾಗಿರುವುದು ಕ್ಯಾಲ್ಕ್ಯುಲಸ್‌ಗಿಂತ ಜಾಸ್ತಿ ಸ್ಟಾಟಿಸ್ಟಿಕ್ಸ್. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಸಂಭಾವ್ಯತೆ, ಟಿ-ಟೆಸ್ಟ್, ರಿಗ್ರೆಷನ್. ಇವು ಕಷ್ಟ ಅಲ್ಲ, ಆದರೆ ಕೈಯಲ್ಲಿ ಲೆಕ್ಕ ಮಾಡದೆ ಬರುವುದಿಲ್ಲ. ಜೊತೆಗೆ ಪೈಥಾನ್ ಅಥವಾ ಆರ್, ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದು. ಎನ್‌ಪಿಟಿಇಎಲ್ ವೆಬ್‌ಸೈಟಿನಲ್ಲಿ ಐಐಟಿ ಮೇಷ್ಟ್ರುಗಳ ಕಾಗ್ನಿಟಿವ್ ಸೈಕಾಲಜಿ ಪಾಠಗಳು ಪುಕ್ಕಟೆ ಸಿಗುತ್ತವೆ, ರಜೆಯಲ್ಲಿ ಒಂದು ಕೋರ್ಸ್ ಪೂರ್ತಿ ನೋಡಿ. ಸೈಕೋಪೈ ಅಂತ ಒಂದು ಸಾಫ್ಟ್‌ವೇರ್ ಇದೆ, ಅದೂ ಪುಕ್ಕಟೆ. ಮೇಲೆ ಹೇಳಿದ ಬಣ್ಣದ ಪ್ರಯೋಗವನ್ನು ಅದರಲ್ಲಿ ಕಟ್ಟಿದರೆ ಪ್ರತಿ ಉತ್ತರಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಅದೇ ಬರೆದುಕೊಳ್ಳುತ್ತದೆ.

ಒಂದು ಎಚ್ಚರಿಕೆ, ನಾನು ಅನುಭವಿಸಿ ಕಲಿತದ್ದು. ಮೊದಲ ಸೆಮಿಸ್ಟರಿನಲ್ಲಿ ಪ್ರಯೋಗದ ಕೋಡ್ ಬರೆದಾಗ ಫೈಲಿನ ಹೆಸರಿಗೆ ಪ್ರಯೋಗಕ್ಕೆ ಕೂತವರ ನಂಬರ್ ಸೇರಿಸುವುದನ್ನು ಮರೆತಿದ್ದೆ. ಹನ್ನೊಂದು ಜನ ಬಂದು ಮುಕ್ಕಾಲು ಗಂಟೆ ಕೂತು ಹೋದರು. ಸಂಜೆ ಫೋಲ್ಡರ್ ತೆಗೆದರೆ ಒಂದೇ ಫೈಲ್ ಇತ್ತು. ಪ್ರತಿಯೊಬ್ಬರ ಡೇಟಾ ಹಿಂದಿನವರ ಡೇಟಾ ಮೇಲೆ ಬರೆದುಕೊಂಡು ಹೋಗಿತ್ತು. ಹತ್ತು ಜನರ ಸಮಯ ನನ್ನಿಂದ ವ್ಯರ್ಥವಾಯಿತು ಅನ್ನುವ ಸಂಕಟ ಇನ್ನೂ ಇದೆ. ಅವತ್ತಿನಿಂದ ನಾನು ಮೊದಲು ಒಬ್ಬರನ್ನು ಕೂರಿಸಿ, ಫೈಲ್ ತೆಗೆದು ನೋಡಿ, ಆಮೇಲೆ ಎರಡನೆಯವರನ್ನು ಕರೆಯುತ್ತೇನೆ. ನೀವೂ ಹಾಗೇ ಮಾಡಿ.

ಪ್ರಶ್ನೆ: ನನ್ನ ಮಗಳು ಈ ಕೋರ್ಸಿಗೆ ಸೇರಬೇಕು ಅಂತ ಹಟ ಹಿಡಿದಿದ್ದಾಳೆ. ಇದು ಮುಗಿಸಿದರೆ ಅವಳು ಕೌನ್ಸೆಲಿಂಗ್ ಕ್ಲಿನಿಕ್ ತೆರೆಯಬಹುದಾ? ಕೆಲಸ ಸಿಗುತ್ತಾ? ಸಾಲ ಮಾಡಿ ಓದಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ.
– ಒಬ್ಬ ತಾಯಿ, ಹಾಸನ

ಅಮ್ಮಾ, ಮೊದಲನೆಯದಕ್ಕೆ ನೇರ ಉತ್ತರ: ಇಲ್ಲ. ಈ ಡಿಗ್ರಿಯಿಂದ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಸೈಕಾಲಜಿ ಓದಿ, ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ತರಬೇತಿ ಮುಗಿಸಿ ನೋಂದಣಿ ಮಾಡಿಸಬೇಕು. ಮಗಳ ಮನಸ್ಸು ರೋಗಿಗಳ ಜೊತೆ ಕೂತು ಮಾತಾಡುವ ಕಡೆಗಿದ್ದರೆ ಆ ದಾರಿಯೇ ಸರಿ. ಈಗಲೇ ಅವಳನ್ನು ಕೂರಿಸಿಕೊಂಡು ಕೇಳಿ, ನಿನಗೆ ಕಷ್ಟದಲ್ಲಿರುವವರಿಗೆ ನೆರವಾಗಬೇಕು ಅಂತ ಆಸೆಯಾ, ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ಕಂಡುಹಿಡಿಯುವ ಆಸೆಯಾ ಅಂತ. ಎರಡೂ ಒಳ್ಳೆಯ ಆಸೆಗಳೇ. ಆದರೆ ದಾರಿ ಬೇರೆ ಬೇರೆ.

ಕೆಲಸದ ವಿಷಯ. ಎಂಜಿನಿಯರಿಂಗ್ ಕಾಲೇಜಿಗೆ ಕಂಪನಿಗಳು ಸಾಲಾಗಿ ಬರುವ ಹಾಗೆ ಈ ಕೋರ್ಸಿಗೆ ಬರುವುದಿಲ್ಲ. ಓದಿದವರಲ್ಲಿ ತುಂಬಾ ಜನ ಪಿಎಚ್‌ಡಿಗೆ ಹೋಗುತ್ತಾರೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಇದೆ, ಜೊತೆಗೆ ಮನೆ ಬಾಡಿಗೆ ಭತ್ಯೆ. ಇನ್ನು ಕೆಲವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಯುಎಕ್ಸ್ ರಿಸರ್ಚ್ ಕೆಲಸಕ್ಕೆ ಸೇರುತ್ತಾರೆ. ಒಂದು ಆ್ಯಪ್ ಬಳಸುವಾಗ ಜನ ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಅಂತ ಎದುರಿಗೆ ಕೂತು ನೋಡಿ, ಅಳೆದು ಹೇಳುವ ಕೆಲಸ. ಭಾಷೆ ಮತ್ತು ಧ್ವನಿಯ ಡೇಟಾ ಮೇಲೆ ಕೆಲಸ ಮಾಡುವ ತಂಡಗಳಿಗೂ ಇಂಥವರು ಬೇಕು.

ಸರ್ಕಾರಿ ಕಾಲೇಜಿನಲ್ಲಿ ಲೆಕ್ಚರರ್ ಆಗುವ ಆಸೆ ಇದ್ದರೆ ಮಾತ್ರ ತುಂಬಾ ಹುಷಾರಾಗಿರಬೇಕು. ಅಲ್ಲಿ 'ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ' ಅಂತ ಕೇಳುತ್ತಾರೆ. ನನ್ನ ಸಹಪಾಠಿಯೊಬ್ಬಳು ಸೈಕಾಲಜಿ ಹುದ್ದೆಗೆ ಅರ್ಜಿ ಹಾಕಿದಾಗ, ಲೆಕ್ಚರರ್ ಅರ್ಹತೆಯ ಎನ್‌ಇಟಿ ಪರೀಕ್ಷೆ ಸೈಕಾಲಜಿಯಲ್ಲೇ ಪಾಸಾಗಿದ್ದರೂ, ಎಂಎಸ್ಸಿ ಮೇಲೆ 'ಸೈಕಾಲಜಿ' ಅಂತ ಇಲ್ಲ ಅಂತ ಕೌಂಟರಿನಲ್ಲೇ ವಾಪಸ್ ಕೊಟ್ಟರು. ಅವಳ ತಪ್ಪು ಏನೂ ಇರಲಿಲ್ಲ. ಅವತ್ತು ಅವಳು ಫೋನಿನಲ್ಲಿ ಅತ್ತಿದ್ದು ನನಗೆ ನೆನಪಿದೆ. ಹಾಗಾಗಿ ಸಾಲ ತೆಗೆಯುವ ಮುಂಚೆ ಮಗಳ ಗುರಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಆ ಗುರಿ ಸಂಶೋಧನೆಯೇ ಆಗಿದ್ದರೆ ಧೈರ್ಯವಾಗಿ ಕಳಿಸಿ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ, ವಯಸ್ಸು 36. ಎರಡನೇ ತರಗತಿಯ ನನ್ನ ಮಕ್ಕಳು 'ಅಜ್ಜ', 'ಅಮ್ಮ' ಸಲೀಸಾಗಿ ಓದುತ್ತಾರೆ. 'ಪುಸ್ತಕ' ಬಂದರೆ ನಿಂತುಬಿಡುತ್ತಾರೆ, ಕೆಲವರು 'ಪುಸಕ' ಅನ್ನುತ್ತಾರೆ. ವಿಜಾತಿ ಒತ್ತಕ್ಷರ ಕಷ್ಟ ಅನ್ನುವುದೇ ಕಾರಣವಾ? ಇಂಥದ್ದನ್ನು ಈ ಕೋರ್ಸಿನಲ್ಲಿ ಓದಲು ಆಗುತ್ತಾ? ನನಗೆ ತಡವಾಯಿತಾ?
– ಶಿಕ್ಷಕರು, ಕೊಪ್ಪಳ ಜಿಲ್ಲೆ

ಮೇಷ್ಟ್ರೇ, ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಮ್ಮದು. ಈ ಕೋರ್ಸಿಗೆ ಬೇಕಾದ ಮುಖ್ಯ ಸಾಮಾನು ನಿಮ್ಮ ಹತ್ತಿರ ಆಗಲೇ ಇದೆ. ನಿಮ್ಮದೇ ಆದ ಒಂದು ಪ್ರಶ್ನೆ.

ನಿಮ್ಮ ಪ್ರಶ್ನೆಯನ್ನೇ ಹಿಡಿದು ಎಂಎಸ್ಸಿಯಲ್ಲಿ ಏನು ಕಲಿಸುತ್ತಾರೆ ಅಂತ ತೋರಿಸುತ್ತೇನೆ. 'ಅಜ್ಜ' ಸುಲಭ, 'ಪುಸ್ತಕ' ಕಷ್ಟ. ಯಾಕೆ? ನೀವು ಹೇಳಿದ್ದು ಒಂದು ಕಾರಣ: ಒಂದು ಸಜಾತಿ, ಇನ್ನೊಂದು ವಿಜಾತಿ. ಆದರೆ ಇನ್ನೂ ಕಾರಣ ಇರಬಹುದು. 'ಅಜ್ಜ' ಮಗು ತೊಟ್ಟಿಲಿನಿಂದ ಕೇಳಿದ ಪದ. 'ಪುಸ್ತಕ' ಶಾಲೆಗೆ ಬಂದ ಮೇಲೆ ಸಿಕ್ಕಿದ್ದು, ಮನೆಯಲ್ಲಿ 'ಬುಕ್ಕು' ಅನ್ನುತ್ತಿರಬಹುದು. 'ಅಜ್ಜ'ದಲ್ಲಿ ಎರಡಕ್ಷರ, 'ಪುಸ್ತಕ'ದಲ್ಲಿ ಮೂರು. ಮತ್ತೊಂದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಜ ಒತ್ತು ಜಕಾರದ ಥರವೇ ಕಾಣುತ್ತದೆ, ಆದರೆ ತ ಒತ್ತಿಗೂ ತಕಾರಕ್ಕೂ ಆಕಾರದಲ್ಲಿ ಹೋಲಿಕೆಯೇ ಇಲ್ಲ. ಹಾಗಾದರೆ ಮಗು ನಿಂತದ್ದು ವಿಜಾತಿ ಅಂತಲಾ, ಪದ ಹೊಸದು ಅಂತಲಾ, ಉದ್ದ ಅಂತಲಾ, ಒತ್ತಿನ ಗುರುತು ಸಿಗಲಿಲ್ಲ ಅಂತಲಾ? 'ಅಮ್ಮ' ಓದುತ್ತಾರೆ ಅಂದಿರಿ. ಮ ಒತ್ತು ಕೂಡ ಮಕಾರದ ಥರ ಇಲ್ಲ. ಅಂದರೆ ಬರೀ ಆಕಾರವೇ ತೊಡಕು ಅನ್ನಲು ಆಗುವುದಿಲ್ಲ. ಆದರೆ 'ಅಮ್ಮ' ಅಕ್ಷರ ಕೂಡಿಸದೆ ಇಡೀ ಚಿತ್ರವಾಗಿಯೇ ಗುರುತು ಸಿಕ್ಕಿರಬಹುದು ಅಲ್ವಾ?

ಇಷ್ಟು ಎಳೆಗಳನ್ನು ಬಿಡಿಸಲು ಒಂದು ಉಪಾಯವಿದೆ. ಅರ್ಥವೇ ಇಲ್ಲದ ಪದ ಕೊಡುವುದು. 'ದಿಪ್ಪಗ' ಮತ್ತು 'ದಿಸ್ಪಗ' ಅಂತ ಬರೆದು ನೋಡಿ. ಎರಡೂ ಮೂರಕ್ಷರ. ಎರಡನ್ನೂ ಮಗು ಹಿಂದೆ ಕೇಳಿಲ್ಲ. ಎರಡರಲ್ಲೂ ಕೆಳಗಿರುವುದು ಅದೇ ಪ ಒತ್ತು. ವ್ಯತ್ಯಾಸ ಒಂದೇ, ಒಂದರಲ್ಲಿ ಸಜಾತಿ, ಇನ್ನೊಂದರಲ್ಲಿ ವಿಜಾತಿ. ಇಂಥ ಇಪ್ಪತ್ತು ಜೋಡಿ ಮಾಡಿ, ಒಬ್ಬೊಬ್ಬ ಮಗುವಿಗೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ, ಎಷ್ಟು ತಪ್ಪು, ಯಾವ ಥರದ ತಪ್ಪು, ಎಷ್ಟು ಹೊತ್ತು ಅಂತ ಬರೆದುಕೊಂಡರೆ ನಿಮ್ಮ ಊಹೆ ನಿಲ್ಲುತ್ತದಾ ಬೀಳುತ್ತದಾ ಗೊತ್ತಾಗುತ್ತದೆ. ಒತ್ತನ್ನು ಪೂರ್ತಿ ಬಿಡುವ ಮಗು ಬೇರೆ, ಒತ್ತನ್ನು ಮೊದಲು ಓದಿ 'ದಿಪ್ಸಗ' ಅನ್ನುವ ಮಗು ಬೇರೆ. ಅರ್ಕಾವೊತ್ತು ಬಳಸಿ 'ಸೂರ್ಯ' ಬರೆದರೆ ಬಾಯಲ್ಲಿ ಮೊದಲು ಬರುವ ರ್ ಹಾಳೆಯಲ್ಲಿ ಕೊನೆಗೆ ಬರುತ್ತದೆ. ಅದನ್ನು ಮಕ್ಕಳು ಹೇಗೆ ದಾಟುತ್ತಾರೆ ಅನ್ನುವುದೇ ಇನ್ನೊಂದು ಪ್ರಯೋಗವಾಗುವಷ್ಟು ಇದೆ.

ಎರಡು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಬೆಲೆಬಾಳುವುದು ಇದೇ, ಹೀಗೆ ಎಳೆ ಎಳೆ ಬಿಡಿಸುವುದು. ಮಿದುಳಿನ ಭಾಗಗಳ ಹೆಸರು ಪುಸ್ತಕದಲ್ಲಿ ಸಿಗುತ್ತದೆ.

ಈ ದಾರಿಯಲ್ಲಿ ಕೆಲಸ ನಡೆದಿದೆ. ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷಿನಂಥ ಲಿಪಿಗೆ ಹೋಲಿಸಿದರೆ ನಮ್ಮ ಅಕ್ಷರಗಳ ಮೇಲೆ ಹಿಡಿತ ಬರಲು ಮಕ್ಕಳಿಗೆ ತುಂಬಾ ಜಾಸ್ತಿ ಸಮಯ ಬೇಕು ಅಂತ ಕಂಡುಬಂತು. ಅಂದರೆ ಎರಡನೇ ತರಗತಿಯಲ್ಲಿ 'ಪುಸ್ತಕ'ಕ್ಕೆ ನಿಲ್ಲುವ ಮಗು ದಡ್ಡ ಅಲ್ಲ. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲೂ ಕನ್ನಡ ಓದಿನ ಮೇಲೆ ಹಿಂದಿನಿಂದ ಕೆಲಸ ಆಗಿದೆ. ಆದರೂ ಇಂಗ್ಲಿಷ್ ಓದಿನ ಬಗ್ಗೆ ಇರುವ ರಾಶಿಯ ಪಕ್ಕದಲ್ಲಿ ಇದು ಒಂದು ಹಿಡಿ. ನಮ್ಮ ಮಕ್ಕಳ ಬಗ್ಗೆ ಗೊತ್ತಿರಬೇಕಾದದ್ದನ್ನು ನಾವೇ ಹುಡುಕಬೇಕು. ನಿಮ್ಮಂಥವರು ಬರಬೇಕು ಅಂತ ನನಗೆ ತುಂಬಾ ಆಸೆ.

36 ಏನೂ ತಡ ಅಲ್ಲ. ಪೂರ್ಣಾವಧಿ ಓದಬೇಕಾದರೆ ಇಲಾಖೆಯ ಅನುಮತಿ ಬೇಕು, ಮನೆಯ ಸಂಬಳದ ಲೆಕ್ಕವೂ ಇದೆ. ಅದು ಆಗದಿದ್ದರೆ ನಿಮ್ಮ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು, ಈ ವಿಷಯದ ಮೇಲೆ ಕೆಲಸ ಮಾಡುವ ಪ್ರಾಧ್ಯಾಪಕರಿಗೆ ಮೇಲ್ ಮಾಡಿ. ತರಗತಿಯ ಒಳಗೇ ಇರುವ ಶಿಕ್ಷಕರು ಜೊತೆಗೆ ಸಿಗುವುದು ಸಂಶೋಧಕರಿಗೂ ದೊಡ್ಡ ಸಹಾಯ. ಒಂದು ಮಾತ್ರ: ಪ್ರಕಟಿಸುವ ಉದ್ದೇಶದಿಂದ ಮಕ್ಕಳ ಮೇಲೆ ಪ್ರಯೋಗ ಮಾಡುವುದಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ತಂದೆತಾಯಿಯ ಸಹಿ ಎರಡೂ ಬೇಕು. ಬೇಡ ಅಂದ ಮಗುವನ್ನು ಬಲವಂತ ಮಾಡುವ ಹಾಗಿಲ್ಲ.

ಪ್ರಶ್ನೆ: ಆರು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎಐ ಕಡೆ ಹೋಗಲು ಕಾಗ್ನಿಟಿವ್ ಸೈನ್ಸ್ ಮಾಸ್ಟರ್ಸ್ ಉಪಯೋಗಕ್ಕೆ ಬರುತ್ತಾ? ಮಾಡಿದರೆ ಹೊರದೇಶದಲ್ಲೇ ಮಾಡಬೇಕಾ?
– ಬೆಂಗಳೂರು

ಸಂಬಳಕ್ಕಾಗಿ ಎಐ ಅನ್ನುವುದಾದರೆ ಎಂಟೆಕ್ ಮಾಡಿ, ಅದು ಹತ್ತಿರದ ದಾರಿ. ಆದರೆ ನಿಮಗೆ ಬುದ್ಧಿ ಅಂದರೆ ಏನು ಅನ್ನುವುದರಲ್ಲೇ ಕುತೂಹಲ ಇದ್ದರೆ ಇಲ್ಲಿಗೆ ಬನ್ನಿ. ಇವತ್ತಿನ ಎಐ ಬೇರುಗಳಲ್ಲಿ ಒಂದು ಇಲ್ಲೇ ಇದೆ. ನ್ಯೂರಲ್ ನೆಟ್‌ವರ್ಕ್‌ಗಳಿಗೆ ಕಲಿಸುವ ಬ್ಯಾಕ್‌ಪ್ರೊಪಗೇಷನ್ ವಿಧಾನವನ್ನು ಎಲ್ಲರ ಗಮನಕ್ಕೆ ತಂದ 1986ರ ಪ್ರಬಂಧದ ಮೊದಲ ಹೆಸರು ಡೇವಿಡ್ ರುಮೆಲ್‌ಹಾರ್ಟ್, ಅವರು ಮನಶ್ಶಾಸ್ತ್ರಜ್ಞ. ಜೊತೆಯಲ್ಲಿದ್ದ ಜೆಫ್ರಿ ಹಿಂಟನ್ ಕೇಂಬ್ರಿಜ್‌ನಲ್ಲಿ ಪಡೆದ ಮೊದಲ ಡಿಗ್ರಿಯೂ ಪ್ರಾಯೋಗಿಕ ಸೈಕಾಲಜಿಯಲ್ಲೇ, 2024ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.

ಹೊರದೇಶ ಅಂದರೆ ಜರ್ಮನಿಯ ಓಸ್ನಾಬ್ರೂಕ್‌ನಲ್ಲಿ ಇಂಗ್ಲಿಷಿನಲ್ಲೇ ಮಾಸ್ಟರ್ಸ್ ಇದೆ, ಟ್ಯೂಷನ್ ಫೀ ಇಲ್ಲ, ಸೆಮಿಸ್ಟರ್ ಶುಲ್ಕ ಮಾತ್ರ. ಟ್ಯೂಬಿಂಗೆನ್ ಇರುವ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀ ಇದೆ. ಎಲ್ಲಿಗೆ ಹೋದರೂ ಜರ್ಮನಿಯ ವೀಸಾಗೆ ಒಂದು ವರ್ಷದ ಖರ್ಚು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ಬ್ರಿಟನ್ನಿನ ಎಡಿನ್‌ಬರೊದಲ್ಲಿ ಒಂದೇ ವರ್ಷದಲ್ಲಿ ಮುಗಿಯುತ್ತದೆ, ಆದರೆ ಫೀ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದರೆ, ಭಾಷೆಯ ಮೇಲೆ ಕೆಲಸ ಮಾಡುವ ಆಸೆ ಇದ್ದರೆ ಇಲ್ಲೇ ಓದಿ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಅನ್ನುವ ಜನ ನಮಗೆ ಪ್ರತಿ ಬೀದಿಯಲ್ಲಿ ಸಿಗುತ್ತಾರೆ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು ಹೈದರಾಬಾದಿನಲ್ಲಿ ಮರೆವಿನ ಕಾಯಿಲೆ ಇದ್ದ 648 ಜನರ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಮಾತಾಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಯ ಮುಖ ನೋಡದವರಲ್ಲೂ ಹಾಗೇ. ಓದು ಬರದ, ಆದರೆ ಎರಡು ಮೂರು ಭಾಷೆ ಆಡುವ ಅಷ್ಟು ಜನರನ್ನು ಯೂರೋಪಿನ ಲ್ಯಾಬ್ ಎಲ್ಲಿಂದ ತರುತ್ತದೆ?

ಪ್ರಶ್ನೆ: ನಮ್ಮ ಪಕ್ಕದ ಮನೆಯ ಹುಡುಗಿ ಎಂಎಸ್ಸಿ ಪ್ರಾಜೆಕ್ಟಿಗೆ ಇಇಜಿ ಪರೀಕ್ಷೆಗೆ ಬನ್ನಿ ಅಂತ ಕರೆದಿದ್ದಾಳೆ. ತಲೆಗೆ ವೈರ್ ಹಾಕುತ್ತಾರಂತೆ. ಕರೆಂಟ್ ಹೊಡೆಯುತ್ತಾ? ನನ್ನ ಮನಸ್ಸಿನಲ್ಲಿರುವುದು ಗೊತ್ತಾಗುತ್ತಾ?
– ಗೃಹಿಣಿ, ಮೈಸೂರು

ಎರಡೂ ಇಲ್ಲ ಅಕ್ಕಾ. ಅದು ತಲೆಯೊಳಗೆ ಏನನ್ನೂ ಕಳಿಸುವುದಿಲ್ಲ, ಮಿದುಳಿನಿಂದ ನೆತ್ತಿಯವರೆಗೆ ಬರುವ ತುಂಬಾ ಸಣ್ಣ ವಿದ್ಯುತ್ತನ್ನು ಬರೆದುಕೊಳ್ಳುತ್ತದೆ ಅಷ್ಟೇ. ಅದು ಮೈಕ್ರೋವೋಲ್ಟ್ ಲೆಕ್ಕದಲ್ಲಿ ಇರುತ್ತದೆ, ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದರಿಂದ ಯಾರ ಗುಟ್ಟೂ ಓದಲು ಆಗುವುದಿಲ್ಲ. ಮಧ್ಯದಲ್ಲಿ ಸಾಕು ಅನ್ನಿಸಿದರೆ ಎದ್ದು ಬರುವ ಹಕ್ಕು ನಿಮಗಿದೆ, ಕಾರಣ ಹೇಳಬೇಕಾಗಿಲ್ಲ.

ಖಂಡಿತ ಹೋಗಿ. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಎಣ್ಣೆ ಇದ್ದರೆ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಬೆಳಿಗ್ಗೆ ಶಾಂಪೂ ಹಾಕಿ ತಲೆ ತೊಳೆದು, ಚೆನ್ನಾಗಿ ಒಣಗಿಸಿ. ಹೂ ಮುಡಿಯಬೇಡಿ, ಓಲೆ ಬಿಚ್ಚಲು ಹೇಳಬಹುದು. ಟೋಪಿ ಹಾಕಿ, ಒಂದೊಂದೇ ತೂತಿನಲ್ಲಿ ಜೆಲ್ ತುಂಬುತ್ತಾರೆ, ಸ್ವಲ್ಪ ತಣ್ಣಗೆ ಅನ್ನಿಸುತ್ತದೆ. ಅದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ಕಣ್ಣು ಜಾಸ್ತಿ ಮಿಟುಕಿಸಬೇಡಿ, ಹಲ್ಲು ಕಚ್ಚಬೇಡಿ ಅನ್ನುತ್ತಾರೆ, ಯಾಕಂದರೆ ಅದೂ ರೆಕಾರ್ಡಿಂಗ್‌ನಲ್ಲಿ ಸೇರಿಕೊಳ್ಳುತ್ತದೆ. ಕೊನೆಗೆ ಕೂದಲೆಲ್ಲ ಜೆಲ್ ಆಗಿರುತ್ತದೆ, ಒಂದು ಟವೆಲ್ ಮತ್ತು ಬಾಚಣಿಗೆ ಜೊತೆಗಿಟ್ಟುಕೊಳ್ಳಿ.